ಲಾರಿ ಇಲ್ಲದ ದಾರಿ

ಡಿಸೆಂಬರ್ 1, 1983, ಗುರುವಾರ

ಪುಟ್ಟಕ್ಕನ ಮದುವೆ ಗೊತ್ತಾಯಿತು. ಹೆಸರಿಗೆ ಅಕ್ಕ, ನನಗಿಂತ ಚಿಕ್ಕವಳು. ಗಂಡು ಪಾವಗಡದಾಚೆಯವನು, ಬಾಯಿ ಬಿಟ್ಟರೆ ಮುಕ್ಕಾಲು ತೆಲುಗು. ಯುಗಾದಿ ಕಳೆದ ಮೇಲೆ ನಮ್ಮ ಮನೆ ಮುಂದೆಯೇ ಚಪ್ಪರ. ಗಂಡಿನ ತಾಯಿ ಮುನಿಯಮ್ಮ ಬೆಲ್ಲದ ಕಾಫಿ ಕುಡಿದು, ಗೋಡೆಗೆ ಒರಗಿಸಿದ್ದ ಸೈಕಲ್ ನೋಡಿ ಕೇಳಿದಳು:

"ಇದ್ನ ಯಾರಮ್ಮಾ ತುಳಿಯೋದು?"

"ನಾನೇ" ಅಂದಳು ಪುಟ್ಟಿ.

"ಅಯ್ಯೋ ರಾಮ! ಆಡಪಿಲ್ಲ ಸೈಕಲ್ ತುಳಿಯೋದಾ? ಮಾ ಇಂಟ್ಲೋ ಅವೆಲ್ಲಾ ನಡೆಯಾಕಿಲ್ಲ ಕಣಮ್ಮ."

ಲೋಟದಲ್ಲಿ ಉಳಿದ ಕಾಫಿಯನ್ನು ಅವಳ ತಲೆ ಮೇಲೆ ಸುರಿಯಬೇಕು ಅನ್ನಿಸಿತು. ಪುಟ್ಟಿ ಕಣ್ಣಲ್ಲೇ ಗದರಿಸಿದಳು.

ಅವರು ಹೋದ ಮೇಲೆ ಪುಟ್ಟಿ ಒಲೆ ಮುಂದಿದ್ದ ಅವ್ವನಿಗೆ ಹೇಳಿದಳು. "ನಾನು ಹೋಗೋದ್ರೊಳಗೆ ಒಂದ್ಸಲ ಎಲ್ರೂ ಸೈಕಲ್ ಮ್ಯಾಗೆ ಎಲ್ಲಿಗಾರಾ ಹೋಗ್ ಬರಾನ ಕಣವ್ವಾ. ಗಂಗಣ್ಣ ಇದ್ದಾಗ ಸುಗ್ಗಿ ಮುಗುದ್ ಮ್ಯಾಲೆ ಹೋಯ್ತಿದ್ವಲ್ಲಾ, ಅಂಗೆ."

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಗಂಗಣ್ಣ ನಮ್ಮಣ್ಣ. ಎರಡು ವರ್ಷದ ಹಿಂದೆ ಶಿರಾ ರೋಡಿನಲ್ಲಿ ಸೈಕಲ್ ಸಮೇತ ಕಲ್ಲಿನ ಲಾರಿಯ ಕೆಳಗೆ ಹೋದ. ಅವತ್ತಿನಿಂದ ಅವ್ವ ಟಾರು ರೋಡಿಗೆ ಕಾಲಿಟ್ಟಿಲ್ಲ. ಉಪ್ಪು ತರುವುದಕ್ಕೂ ಹಿತ್ತಲ ಓಣಿಯಲ್ಲೇ ಬಳಸಿಕೊಂಡು ಹೋಗುತ್ತಾಳೆ.

ಅವ್ವ ಒಲೆ ಊದಿ ಮುಗಿಸಿ ಅಂದಳು, "ಲಾರಿ ಓಡಾಡ್ದಿರೋ ದಾರಿ ಇದ್ರೆ ಬತ್ತೀನಿ."

ಬಾಯಿ ಮುಚ್ಚಿಸುವುದಕ್ಕೆ ಹೇಳಿದ್ದು. ನನಗೆ ಸಿಟ್ಟು ಬಂದು "ಐತೆ, ನಾನ್ ಹುಡುಕ್ತೀನಿ" ಅಂದುಬಿಟ್ಟೆ.

ಅಂಜನಪ್ಪ ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಅಂಜನಪ್ಪ ಅಂದರೆ ನಮ್ಮನ್ನು ಹುಟ್ಟಿಸಿದವನು. ಎರಡು ವರ್ಷದ ಹಿಂದೆ ನಮ್ಮ ಕುರಿ ಹುಲಿಕುಂಟೆ ಕಡೆ ಮೇಯುತ್ತಿದ್ದವು. ಅಲ್ಲಿ ತಾನು ಕಂಬಳಿ ಹೊದ್ದು ಕೂತು, ಮಧುಗಿರಿಯಿಂದ ಕುರಿಗೆ ಔಷಧ ತಾ ಅಂತ ಗಂಗಣ್ಣನನ್ನು ಕಳಿಸಿದವನು. ಆಮೇಲೆ ಕುರಿ ಮಾರಿದ. ಅವನ ಜೊತೆ ನಾನು ಮಾತಾಡುವುದಿಲ್ಲ.

ಡಿಸೆಂಬರ್ 4, ಭಾನುವಾರ

ಅಮಾವಾಸ್ಯೆ. ರೇಣುಕಯ್ಯ, ನಾನು ಕೆಲಸಕ್ಕಿರುವ ತನ್ನ ಸೈಕಲ್ ಶಾಪಿಗೆ ಬಾಗಿಲು ಹಾಕುವುದು ಅಮಾವಾಸ್ಯೆ ದಿನ ಮಾತ್ರ. ಬೆಳಗ್ಗೆ ಒಂದು ಕುಂಬಳಕಾಯಿ ಒಡೆದು ಬೆಟ್ಟಕ್ಕೆ ಹೋಗುತ್ತಾನೆ. ನನಗೆ ಸಿಗುವ ರಜ ಅದೊಂದೇ.

ಕೊರಟಗೆರೆ ದಾಟಿ ತೋವಿನಕೆರೆ ಕಡೆಗೆ ತುಳಿದೆ. ಲಾರಿಯೇನೋ ಸಿಗಲಿಲ್ಲ. ಬಸ್ಸು ಸಿಕ್ಕಿತು. ಹಿಂದಿನಿಂದ ಹಾರನ್ ಬಾರಿಸಿ, ಪಕ್ಕದಲ್ಲೇ ಉಜ್ಜಿಕೊಂಡು ಹೋಗಿ ನನ್ನನ್ನು ಗುಂಡಿಗೆ ಕೆಡವಿತು. ಮೊಳಕೈ ಚರ್ಮ ಕಿತ್ತಿತು. ಕಲ್ಲು ಬೀಸಿದೆ. ತಾಗಲಿಲ್ಲ.

ಚನ್ನಮಲ್ಲಮ್ಮ ಅನ್ನುವ ಟೀ ಅಂಗಡಿಯವಳು ಗಾಯಕ್ಕೆ ಅರಿಶಿನ ಒತ್ತುತ್ತಾ ಎಲ್ಲಿಗೆ ಹೊರಟಿದ್ದೀಯ ಅಂತ ಕೇಳಿದಳು. ಲಾರಿ, ಬಸ್ಸು ಬರದ ದಾರಿ ಹುಡುಕುತ್ತಿದ್ದೇನೆ ಅಂದೆ.

"ಸುಡುಗಾಡಿನ ದಾರಿಗೆ ಬರಾಕಿಲ್ಲ ನೋಡಪ್ಪಾ. ಇಂಗೇ ತುಳೀತಿದ್ರೆ ಬಿರ್ನೆ ಸಿಕ್ತದೆ."

ಅಲ್ಲಿದ್ದವರೆಲ್ಲ ನಕ್ಕರು. ಟೀ ಅರ್ಧ ಬಿಟ್ಟು ಎದ್ದೆ. ಈ ಕಡೆ ಆಗುವುದಿಲ್ಲ.

ಡಿಸೆಂಬರ್ 19, ಸೋಮವಾರ

ಅಂಗಡಿ ಮುಂದೆ ಕಲ್ಲಿನ ಲಾರಿ ನಿಂತಿತು. ಡ್ರೈವರ್ ಇಳಿದು "ಒಸಿ ನೀರ್ ಕೊಡಪ್ಪಾ" ಅಂದ. ಪಂಕ್ಚರ್ ನೋಡುವ ಬಾಣಲೆಯ ನೀರನ್ನು ಎತ್ತಿ ಅವನ ಕಾಲ ಮೇಲೆ ಚೆಲ್ಲಿದೆ. ಅವನು ಕೊರಳಪಟ್ಟಿ ಹಿಡಿದ. ನಾನು ಕೈಯಲ್ಲಿದ್ದ ಗಾಳಿ ಪಂಪ್ ಎತ್ತಿದೆ. ರೇಣುಕಯ್ಯ ನಡುವೆ ಬಂದು ಬಿಡಿಸಿದ.

"ಲೇ ಯತ್ತಪ್ಪ, ಇಸ್ಕೂಲ್ನಾಗೆ ಮೇಷ್ಟ್ರ ಬೆತ್ತ ಮುರ್ದು ಓಡ್ಬಂದೋನು ನೀನು. ನನ್ನ ಪಂಪ್ ಮುರ್ದು ಇನ್ನೆಲ್ಲಿಗ್ಲಾ ಓಡೋಗ್ತೀಯ?"

"ಇವ್ರನ್ನೆಲ್ಲಾ ಸಾಯಿಸ್ಬೇಕು ಸಾವ್ಕಾರ್."

"ಆಯ್ತು ಬುಡು, ಸಾಯಿಸೀವಂತೆ. ಅಲ್ಲಿಗಂಟ ಆ ಟ್ಯೂಬಿಗೆ ತ್ಯಾಪೆ ಹಾಕು."

ಎರಡು ದಿನ ರಜ ಕೇಳಿದೆ. ಕೊಡಲಿಲ್ಲ.

ಜನವರಿ 3, 1984, ಮಂಗಳವಾರ

ಅಮಾವಾಸ್ಯೆ. ಪಾವಗಡದ ಕಡೆಗೆ ಹೋಗಿದ್ದೆ. ದೊಡ್ಡ ರೋಡು ಬಿಟ್ಟು ಬಂಡೆಗಳ ಮಧ್ಯೆ ಹೋಗುವ ಮಣ್ಣಿನ ದಾರಿ ಒಂದು ಸಿಕ್ಕಿತು. ಎರಡೂ ಕಡೆ ಜಾಲಿ, ಬೋಳು ಗುಡ್ಡ, ಅಲ್ಲೊಂದು ಇಲ್ಲೊಂದು ಮೇಕೆ. ದಾರಿ ಕೇಳಿದರೆ "ತಿನ್ನಗಾ ಪೋಪ್ಪಾ" ಅನ್ನುತ್ತಾರೆ, ನೆಟ್ಟಗೆ ಹೋಗು ಅಂತ. ಒಂದು ಗಾಡಿಯೂ ಎದುರಾಗಲಿಲ್ಲ. ಸಿಕ್ಕೇ ಬಿಟ್ಟಿತು ಅಂತ ಒಂದೇ ಉಸಿರಿಗೆ ಮನೆಗೆ ತುಳಿದೆ.

ಪುಟ್ಟಿ ರಾಗಿ ಬೀಸುತ್ತಿದ್ದಳು. ಎಲ್ಲ ಕೇಳಿ "ಆ ಕಡೆ ಬ್ಯಾಡ ಕಣಣ್ಣಾ" ಅಂದಳು.

"ಯಾಕೆ? ಲಾರಿ ಇಲ್ಲ, ಏನಿಲ್ಲ."

"ಆ ದಾರೀನ ನಾನು ಸಾಯೋಗಂಟ ನೋಡ್ಬೇಕು. ಈಗ್ಲೇ ಯಾಕೆ?"

ಬೀಸುವ ಕಲ್ಲು ನಿಲ್ಲಿಸಲಿಲ್ಲ. ಬಚ್ಚಲ ಬಾಗಿಲಿಗೆ ಒದ್ದೆ. ಕೀಲು ಕಿತ್ತುಬಂತು.

ಜನವರಿ 15, ಭಾನುವಾರ

ಹಬ್ಬ. ಎಳ್ಳು ಬೆಲ್ಲ. ಯಾರೂ ಬರಲಿಲ್ಲ.

ಸಂಜೆ ಅಂಗಡಿಯಿಂದ ಬಂದು ಬಚ್ಚಲ ಬಾಗಿಲು ಸರಿ ಮಾಡುತ್ತಿದ್ದಾಗ ಅವ್ವ ಬಂದು ನಿಂತಳು. "ನಿನ್ನ ಸೈಕಲ್ ಕ್ಯಾರಿಯರ್ ಮ್ಯಾಲೆ ಗೋಣಿಚೀಲ ಮಡಚಿ ಹಾಕಿದ್ರೆ ಒತ್ತಾಕಿಲ್ಲ ಅಲ್ವೇನ್ಲಾ?" ಅಂದಳು. ಒತ್ತುವುದಿಲ್ಲ ಅಂದೆ. ಹೋದಳು.

ಫೆಬ್ರವರಿ 1, ಬುಧವಾರ

ಅಮಾವಾಸ್ಯೆ. ಸಿಕ್ಕಿತು.

ಶಿರಾ ರೋಡಿಗೆ ಹೋಗದೆ, ಊರ ಹಿಂದಿನ ಬಂಡಿಜಾಡು ಹಿಡಿದು ಮದಲೂರು ಕಡೆಗೆ ಹೋಗಬಹುದು. ಅಲ್ಲಿ ಕೆರೆ ಏರಿ ಮೇಲೆ ಕೂತು ಉಂಡು, ಅಲ್ಲಿಂದ ಹುಲಿಕುಂಟೆ. ಹುಲಿಕುಂಟೆ ಹತ್ತಿರದ ಹಟ್ಟಿಯಲ್ಲಿ ಮಾರಕ್ಕ ದೊಡ್ಡವ್ವನ ಮನೆ, ಅವ್ವನ ಒಡಹುಟ್ಟಿದವಳದು. ಗಂಗಣ್ಣ ಇದ್ದಾಗ ಹೋಗುತ್ತಿದ್ದುದೂ ಅಲ್ಲಿಗೇ, ಆದರೆ ಟಾರು ರೋಡಿನಲ್ಲಿ.

ಇವತ್ತು ದಾರಿಯುದ್ದಕ್ಕೂ ಹೊಂಗೆ ಮರ, ಕಟಾವಾದ ಹೊಲ, ಕವುಜುಗದ ಕೂಗು. ಒಂದು ಕಡೆ ಬಂಡೆ ಪಕ್ಕ ಸೀಳಿದ ಕಲ್ಲು ಒಟ್ಟಿತ್ತು, ಒಂದು ನರಪಿಳ್ಳೆ ಇರಲಿಲ್ಲ. ಕೆಲಸ ನಿಂತುಹೋಗಿರಬೇಕು. ನೆಲದ ಮೇಲೆ ಅಗಲ ಚಕ್ರದ ಗುರುತಿತ್ತು, ಸುಗ್ಗಿಗೆ ಬಂದ ಟ್ರಾಕ್ಟರಿನದು. ನಾನು ಜೋರಾಗಿ ಕೂಗಿದೆ. ನನ್ನ ದನಿಯೇ ಬಂಡೆಯಿಂದ ವಾಪಸು ಬಂತು.

ದೊಡ್ಡವ್ವ ಮುದ್ದೆ ಉಣ್ಣಿಸಿ ಕಳಿಸಿದಳು. "ನಿಮ್ಮವ್ವನ್ನ ಕರ್ಕಂಬಾರ್ಲಾ. ನನ್ನ ತಂಗಿ ಮಕ ನೋಡಿ ಎಸ್ಟ್ ದಿನಾತು" ಅಂದಳು.

ಸಂಜೆ ಅವ್ವನಿಗೆ ಹೇಳಿದೆ.

"ಒಂದೂ ಬರ್ಲಿಲ್ವಾ?"

"ಒಂದೂ ಇಲ್ಲ. ನಿನ್ನಾಣೆ."

ಆಣೆ ಇಟ್ಟೆ, ಅವಳ ತಲೆ ಮುಟ್ಟಿ. ಅವ್ವ ನನ್ನ ಕೈ ಹಾಗೇ ಇರಲಿ ಅಂತ ಸ್ವಲ್ಪ ಹೊತ್ತು ಬಿಟ್ಟಳು.

ಫೆಬ್ರವರಿ 9, ಗುರುವಾರ

ಮುಂದಿನ ಅಮಾವಾಸ್ಯೆಗೆ ಹೇಗೂ ಅಂಗಡಿ ಇರುವುದಿಲ್ಲ, ಅವತ್ತೇ ಹೊರಡೋಣ ಅಂದೆ. ಅವ್ವ ನನ್ನನ್ನು ಹುಚ್ಚನ ಹಾಗೆ ನೋಡಿದಳು.

"ಥೂ, ಬುಡ್ತು ಅನ್ನು. ಅಮಾಸೆ ದಿನ ಯಾರಾನಾ ಊರು ಬಿಟ್ ಹೊಂಡ್ತಾರೇನ್ಲಾ? ಅದೂ ಮದ್ಲಗಿತ್ತಿ ಆಗೋಳನ್ನ ಕರ್ಕಂಡು?"

ಸೋಮವಾರ ಅಂತ ಆಯಿತು. ಈ ಸಲ ರೇಣುಕಯ್ಯನಲ್ಲಿಗೆ ಪುಟ್ಟಿಯೇ ಹೋಗಿ ರಜ ಕೇಳಿದಳು. ಕೊಟ್ಟ. ಅವಳಿಗೊಂದು ಬಾಡಿಗೆ ಸೈಕಲನ್ನೂ ಪುಕ್ಕಟೆ ಕೊಟ್ಟ, ಬೆಲ್ ಇರುವುದು. ಅಂಜನಪ್ಪ ಅಟ್ಟದಿಂದ ತನ್ನ ಹಳೇ ಸೈಕಲ್ ಇಳಿಸಿ ಮಧ್ಯಾಹ್ನವೆಲ್ಲ ಸೀಮೆಎಣ್ಣೆಯಲ್ಲಿ ಉಜ್ಜಿದ. ಚೈನ್ ತುಕ್ಕು ಹಿಡಿದಿತ್ತು. ಅಂಗಡಿಯಿಂದ ಒಂದು ಹಳೇ ಚೈನ್ ತಂದು ಅವನ ಪಕ್ಕದಲ್ಲಿಟ್ಟೆ.

ಅವ್ವ ಯಾರ ಹಿಂದೆ ಕೂರುವುದು ಅಂತ ಪುಟ್ಟಿ ಕೇಳಿದಳು. "ಯತ್ತನ ಹಿಂದೆ. ದಾರಿ ನೋಡಿರೋನು ಅವ್ನಲ್ವಾ?" ಅಂದಳು ಅವ್ವ.

ಫೆಬ್ರವರಿ 14, ಮಂಗಳವಾರ, ದೊಡ್ಡವ್ವನ ಮನೆ

ನಿನ್ನೆ ಬರೆಯಲು ಆಗಲಿಲ್ಲ.

ಬೆಳಗ್ಗೆ ಚೆನ್ನಾಗಿತ್ತು. ಪುಟ್ಟಿ ಮುಂದೆ, ಸುಮ್ಮಸುಮ್ಮನೆ ಬೆಲ್ ಹೊಡೆದುಕೊಂಡು. ಅಂಜನಪ್ಪ ಎಲ್ಲರಿಗಿಂತ ಹಿಂದೆ. ಅವ್ವ ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹೊಂಗೆ ಮರಗಳ ಹತ್ತಿರ ಬರುವ ಹೊತ್ತಿಗೆ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಕಡ್ಲೆಕಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. "ಯತ್ತಾ, ಆ ಹೊಲ್ದಾಗೆ ನಾವ್ ಕುರಿ ನಿಲ್ಸಿದ್ವಿ ಕಣ್ಲಾ" ಅಂತ ಹಿಂದಿನಿಂದ ತೋರಿಸಿದಳು. ಅವಳು ಹಾಗೆ ಮಾತಾಡಿ ಎಷ್ಟು ಕಾಲವಾಗಿತ್ತೋ.

ಬಂಡೆ ತಿರುವಿನಲ್ಲಿ ಸದ್ದು ಕೇಳಿತು. ನಂಬಲಿಲ್ಲ. ಎದುರಿಗೆ ಕಲ್ಲು ತುಂಬಿದ ಲಾರಿ, ಅದರ ಹಿಂದೆ ಇನ್ನೊಂದು. ಜಾಡು ಒಂದೇ ಗಾಡಿಯ ಅಗಲ. ಪುಟ್ಟಿ ಹೊಲಕ್ಕೆ ಇಳಿಸಿಬಿಟ್ಟಳು. ನಾನು ಬ್ರೇಕ್ ಹಿಡಿಯುವುದರೊಳಗೆ ಅವ್ವ ಹಾರಿದಳು. ಕತ್ತಾಳೆ ಮೆಳೆಯ ಮೇಲೆ ಬಿದ್ದಳು. ಕೈ ಪೂರ್ತಿ ಮುಳ್ಳು, ರಕ್ತ. ಕಿರುಚಲಿಲ್ಲ.

ಲಾರಿ ನಿಲ್ಲಿಸಿ ಡ್ರೈವರ್ ಓಡಿ ಬಂದ. "ಏನಪ್ಪಾ, ಹೆಂಗಸ್ರನ್ನೆಲ್ಲಾ ಈ ದಾರೀಲಿ ಕರ್ಕಂಡ್ ಬಂದಿದ್ಯಲ್ಲಾ? ಬೆಳಿಗ್ಗಿಂದ ಸಂಜೆಗಂಟ ಕ್ವಾರಿ ಗಾಡಿ ಓಡಾಡ್ತಾವೆ."

"ಸುಳ್ಳು. ನಾನ್ ಬಂದಾಗ ಒಂದೂ ಇರ್ಲಿಲ್ಲ."

"ಯಾವತ್ತು ಬಂದಿದ್ದೆ?"

"ಅಮಾಸೆ ದಿನ."

ಅವನು ತಲೆ ಚಚ್ಚಿಕೊಂಡ. "ಅಮಾಸೆ ದಿನ ಯಾವನ್ ಗುರುವೇ ಲಾರಿ ಆಚೆ ತೆಗೀತಾನೆ? ಅವತ್ತು ಗಾಡಿ ತೊಳ್ದು ಪೂಜೆ ಮಾಡ್ತೀವಿ. ಕ್ವಾರಿನೂ ಬಂದ್. ನಿಂಗಷ್ಟೂ ಗೊತ್ತಾಗಾಕಿಲ್ವಾ?"

ಗೊತ್ತಿತ್ತು. ಲಾರಿಯವರು ಅಮಾವಾಸ್ಯೆ ಮಾಡುವುದು ಯಾರಿಗೆ ಗೊತ್ತಿಲ್ಲ? ರೇಣುಕಯ್ಯ ಬಾಗಿಲು ಹಾಕುವುದೂ ಅದಕ್ಕೇ. ನನಗೆ ರಜ ಇರುವ ದಿನ ಲಾರಿಗೂ ರಜ ಅಂತ ನನ್ನ ಹಾಳು ತಲೆಗೆ ಹೊಳೆಯಲೇ ಇಲ್ಲ. ಮೂರು ಅಮಾವಾಸ್ಯೆ ತುಳಿದಿದ್ದೇನೆ.

ಕಲ್ಲು ಕೈಗೆ ಬಂದಿತ್ತು. ಯಾವಾಗ ಎತ್ತಿಕೊಂಡೆನೋ. ಅವನ ಹಣೆಯನ್ನೇ ನೋಡುತ್ತಿದ್ದೆ. ಅಂಜನಪ್ಪ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದ. ಬೈಯಲಿಲ್ಲ, ಎಳೆಯಲಿಲ್ಲ. ಹಿಡಿದುಕೊಂಡ, ಅಷ್ಟೇ. ನಾನು ಕಲ್ಲು ಬಿಟ್ಟೆ.

ಅಲ್ಲಿಂದ ಯಾರೂ ಸೈಕಲ್ ಹತ್ತಲಿಲ್ಲ. ಹೊಲದ ಮೇಲೆ ತಳ್ಳಿಕೊಂಡು ನಡೆದೆವು. ಮದಲೂರು ಕೆರೆ ಕಂಡಿತು. ಯಾರೂ ನಿಲ್ಲಲಿಲ್ಲ. ಬುತ್ತಿ ಬಿಚ್ಚಲಿಲ್ಲ.

ಫೆಬ್ರವರಿ 15, ಬುಧವಾರ

ಅವ್ವ ವಾಪಸು ಬರುವುದಿಲ್ಲವಂತೆ. ದೊಡ್ಡವ್ವನ ಮನೆಯ ಮೂಲೆಯಲ್ಲಿ ಕೂತು, ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಹೇಳಿದಳು.

"ನಾನಿಲ್ಲೇ ಇದ್ಬುಡ್ತೀನಿ. ಮದ್ವೆ ಅದೆಂಗ್ ಮಾಡ್ತೀರೋ ಮಾಡ್ಕಳ್ರಿ."

"ನೀನಿಲ್ದಿದ್ರೆ ನಾನ್ ತಾಳಿಗೆ ಕತ್ತು ಬಗ್ಸಾಕಿಲ್ಲ" ಅಂದಳು ಪುಟ್ಟಿ.

"ಬಗ್ಸಬ್ಯಾಡ."

ನಾವು ಮೂವರೇ ಬಂದೆವು. ಪುಟ್ಟಿ ಬೆಲ್ ಮುಟ್ಟಲಿಲ್ಲ.

ಫೆಬ್ರವರಿ 22, ಬುಧವಾರ

ಅಂಗಡಿ ತೆಗೆಯುವುದಕ್ಕೆ ಮುಂಚೆ ಒಂದು ಸಲ, ಮುಚ್ಚಿದ ಮೇಲೆ ಒಂದು ಸಲ, ಇರುವ ಜಾಡನ್ನೆಲ್ಲ ನೋಡಿ ಬಂದೆ. ಈ ಸಲ ವಾರದ ಎಲ್ಲ ದಿನ. ಎಲ್ಲ ಜಾಡೂ ಕೊನೆಗೆ ಕಲ್ಲು ಒಡೆಯುವ ಯಾವುದೋ ಬಂಡೆಗೆ ಹೋಗುತ್ತದೆ, ಬಂಡೆಯಿಂದ ಲಾರಿ ಬರುತ್ತದೆ.

ಅಂಗಡಿಗೆ ಲಾರಿಯವನೊಬ್ಬ ಬಂದು ನೀರು ಕೇಳಿದ. ಕೊಟ್ಟೆ. ಹುಲಿಕುಂಟೆ ಕಡೆ ಗಾಡಿ ಇಲ್ಲದ ದಾರಿ ಯಾವುದಿದೆ ಅಂತ ಕೇಳಿದೆ. ಕೂತು ಯೋಚನೆ ಮಾಡಿದ ಪಾಪ. ಇಲ್ಲ ಅಂದ.

ಸಂಜೆ ಜಗುಲಿಯಿಂದ ದನಿ ಬಂತು. "ಕುರಿ ದಾರಿ ಒಂದೈತೆ."

ನಾನು ತಿರುಗಿದೆ. ಅಂಜನಪ್ಪ ಹೊಸ್ತಿಲನ್ನು ನೋಡಿಕೊಂಡು ಹೇಳುತ್ತಿದ್ದ. "ಬಂಡೆ ಹಿಂದ್ಲಿಂದ ಹುಲಿಕುಂಟೆಗಂಟ. ಗಾಡಿ ಹೋಗಾಕಾಗಾಕಿಲ್ಲ. ಕಾಲ್ದಾರಿ."

"ಮದ್ಲೇ ಯಾಕ್ ಹೇಳ್ಲಿಲ್ಲ?"

"ನೀನ್ ಕೇಳ್ಲಿಲ್ವಲ್ಲಪ್ಪಾ."

ಫೆಬ್ರವರಿ 26, ಭಾನುವಾರ

ರೇಣುಕಯ್ಯನಿಗೆ ಜ್ವರ, ಅಂಗಡಿ ಇರಲಿಲ್ಲ. ಅಂಜನಪ್ಪನೂ ನಾನೂ ಹೋದೆವು. ಅವನು ಮುಂದೆ, ನಾನು ಹಿಂದೆ. ಇಷ್ಟು ದಿನ ಜಗುಲಿಯಲ್ಲಿ ಕೂತವನಿಗೆ ಕಾಲು ಹಾಗೆ ಬೀಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗುಡ್ಡ ಬಳಸಿ ಬಂಡೆ ಹಿಂದಕ್ಕೆ ಬಂದೆವು. ಅಲ್ಲಿ ದಾರಿ ಮುಗಿಯಿತು.

ಹಳ್ಳ. ಎರಡು ತೆಂಗಿನ ಮರದಾಳ ಕಲ್ಲು ಸೀಳಿ ತೆಗೆದು, ತಳದಲ್ಲಿ ಹಸಿರು ನೀರು ನಿಂತಿದೆ. ಆಚೆ ದಡದಲ್ಲಿ ಕುರಿ ದಾರಿ ಮತ್ತೆ ಶುರುವಾಗುವುದು ಕಾಣುತ್ತದೆ. ಮಧ್ಯೆ ಏನಿಲ್ಲ. ಎರಡೂ ಕಡೆ ತಂತಿ ಬೇಲಿ.

"ಇಲ್ಲೇ ಇತ್ತು" ಅಂದ. ಮತ್ತೆ ಅಂದ, "ಇಲ್ಲೇ ಇತ್ತಲ್ಲಾ."

ಉಳಿ ಹದ ಮಾಡುತ್ತಿದ್ದ ಕಲ್ಲುಕುಟಿಕನೊಬ್ಬನನ್ನು ಕೇಳಿದ, "ಇದ್ನ ತೋಡಿ ಎಸ್ಟ್ ದಿವ್ಸ ಆಯ್ತಪ್ಪಾ?"

"ನಾಕೈದು ವರ್ಸ ಆಯ್ತು ಕಣಜ್ಜಾ."

ಅವನು ಕೂತುಬಿಟ್ಟ. ಅವನಿಗೆ ತಲೆ ಸುತ್ತಿತೇನೋ ಅಂತ ಹಿಡಿದುಕೊಂಡೆ.

"ಗಂಗಂಗೆ ಈ ದಾರೀಲೇ ಹೋಗು ಅಂದಿದ್ದೆ ಕಣ್ಲಾ. ಟಾರ್ ರೋಡಿಗೆ ಹೋಗ್ಬ್ಯಾಡ, ಕುರಿ ದಾರೀಲಿ ಸೈಕಲ್ ತಳ್ಕಂಡಾದ್ರೂ ಹೋಗು ಅಂದಿದ್ದೆ. ಊ ಅಂದಿದ್ದ. ಅವಾಗ ಎರಡ್ಮೂರ್ ವರ್ಸದಿಂದ ನಾವು ಪಾವಗಡದ ಕಡೆಯಿಂದ್ಲೇ ಕುರಿ ಹೊಡ್ಕಂಡ್ ಬತ್ತಿದ್ವಿ, ಈ ಕಡೆ ನಾನ್ ನೋಡೇ ಇರ್ಲಿಲ್ಲ. ನನ್ ಮಾತ್ ಮೀರಿ ಹೋದ ಅಂತ, ಇಸ್ಟ್ ದಿವ್ಸ, ಸತ್ತ್ ಮಗನ ಮ್ಯಾಲೆ ಸಿಟ್ಟು ಇಟ್ಕಂಡಿದ್ನಲ್ಲೋ."

ನಾನು ಹಳ್ಳದ ಆಚೆ ಅಂಚನ್ನು ನೋಡಿದೆ. ಗಂಗಣ್ಣ ಹುಲಿಕುಂಟೆಯಿಂದ ಅಲ್ಲಿಯವರೆಗೆ ಬಂದಿದ್ದಾನೆ. ಹೇಳಿದ ಹಾಗೆ ಬಂದಿದ್ದಾನೆ. ಅಲ್ಲಿ ನಿಂತು, ಹಳ್ಳ ನೋಡಿ, ಸೈಕಲ್ ತಿರುಗಿಸಿದ್ದಾನೆ.

ಅಪ್ಪ ಬಹಳ ಹೊತ್ತು ಏಳಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಬಿಸಿಲು ಏರಿತು. ಕಲ್ಲುಕುಟಿಕನ ಹತ್ತಿರ ನೀರು ಈಸಿಕೊಂಡು, ಟವಲ್ ನೆನೆಸಿ ಅಪ್ಪನ ತಲೆಗೆ ಹಾಕಿದೆ.

ಮಾರ್ಚ್ 2, ಶುಕ್ರವಾರ, ದೊಡ್ಡವ್ವನ ಮನೆ

ಅಮಾವಾಸ್ಯೆ. ಅಪ್ಪನೂ ನಾನೂ ಬೆಳಗ್ಗೆಯೇ ಬಂದೆವು. ಇವತ್ತು ಒಂದು ಲಾರಿಯೂ ಇಲ್ಲ, ಸೈಕಲ್ ಹತ್ತು, ಹೋಗಿಬಿಡೋಣ ಅಂತ ಅವ್ವನ ಕಾಲು ಹಿಡಿದೆ.

"ಅಮಾಸೆ ದಿನ ನಾನು ಹೊಂಡಾಕಿಲ್ಲ. ಮಗಳ ಮದ್ವೆ ಐತೆ."

"ಲಾರಿ ಇದ್ರೆ ಬರಲ್ಲ, ಇಲ್ದಿದ್ರೂ ಬರಲ್ಲ! ಇನ್ಯಾವತ್ತವ್ವಾ ಬರ್ತೀಯ?"

ಕೂಗಾಡಿದೆ. ದೊಡ್ಡವ್ವ ನನ್ನನ್ನೇ ಬೈದಳು. ಅಪ್ಪ ಕಂಬಕ್ಕೆ ಒರಗಿ ಕೂತು, ನಾನು ಬಾಯಿ ಮುಚ್ಚುವವರೆಗೆ ಕಾದು, ಹಳ್ಳದ ವಿಷಯ ಹೇಳಿದ. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ. ಅವ್ವ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಆ ಹಳ್ಳ ತೋರ್ಸು" ಅಂದಳು. "ಇವತ್ತಲ್ಲ. ನಾಳೆ."

ಮಾರ್ಚ್ 4, ಭಾನುವಾರ

ಮನೆಗೆ ಬಂದಿದ್ದೇವೆ. ನಿನ್ನೆ ಅಂಗಡಿಗೆ ಹೇಳದೆ ಚಕ್ಕರ್ ಹಾಕಿದ್ದಕ್ಕೆ ಇವತ್ತು ರೇಣುಕಯ್ಯ ಬೀದಿಗೆಲ್ಲ ಕೇಳುವ ಹಾಗೆ ಬೈದ. ಬೈಸಿಕೊಂಡೆ.

ನಿನ್ನೆಯದು ಬರೆಯಬೇಕು.

ಬೆಳಗ್ಗೆ ಹುಲಿಕುಂಟೆ ಕಡೆಯಿಂದಲೇ ಕುರಿ ದಾರಿ ಹಿಡಿದು ಹಳ್ಳದ ದಡಕ್ಕೆ ಬಂದೆವು. ಗಂಗಣ್ಣ ಬಂದ ಕಡೆ. ಅವ್ವ ಅಂಚಿನವರೆಗೆ ಹೋಗಿ ಕೆಳಗೆ ನೋಡಿದಳು. ಅಪ್ಪ ಅವಳ ಸೆರಗಿನ ತುದಿ ಹಿಡಿದಿದ್ದ.

"ಇಲ್ಲಿಂದ ಅವ್ನು ಯಾವ ಕಡೆ ಹೋಗಿರ್ತಾನೆ?"

ಒಂದೇ ಕಡೆ ಇತ್ತು. ಬೇಲಿ ಪಕ್ಕ ಬಲಕ್ಕೆ ಹೋದರೆ ಟಾರು ರೋಡು.

"ನಡೀರಿ" ಅಂದಳು.

ರೋಡಿಗೆ ಬಂದ ಮೇಲೆ ಅವಳು ಸೈಕಲ್ ಹತ್ತಲಿಲ್ಲ. ನಡೆದಳು. ನಾನು ಸೈಕಲ್ ತಳ್ಳಿಕೊಂಡು ಅವಳ ಬಲಗಡೆ, ಲಾರಿ ಬರುವ ಕಡೆ. ಅಪ್ಪ ಹಿಂದೆ. ಸದ್ದು ಬಂದಾಗಲೆಲ್ಲ ನಿಂತು ಕಣ್ಣು ಮುಚ್ಚುತ್ತಾಳೆ, ಗಾಳಿ ಸೆರಗನ್ನು ಎಳೆದುಕೊಂಡು ಹೋಗುತ್ತದೆ, ಮತ್ತೆ ನಡೆಯುತ್ತಾಳೆ. ಮಧ್ಯಾಹ್ನ ದಾಟಿತು. ಮಧುಗಿರಿ ಬೆಟ್ಟ ಕಾಣುವಾಗ "ಎಲ್ಲಿ?" ಅಂದಳು. ಗಂಗಣ್ಣ ಬಿದ್ದ ಜಾಗವನ್ನು ಅವಳು ನೋಡಿರಲೇ ಇಲ್ಲ. ಅಪ್ಪ ಮುಂದೆ ಕೈ ತೋರಿದ.

ಅಲ್ಲಿ ಯಾರೋ ರೋಡಿನ ತುಂಬ ಹುರುಳಿ ಹರಡಿದ್ದರು. ಕಣ ಮಾಡುವ ಕಷ್ಟ ಯಾರಿಗೆ ಬೇಕು, ಗಾಡಿ ಹರಿದರೆ ಕಾಯಿ ತಾನೇ ಒಡೆಯುತ್ತದೆ. ಅದರ ಒಡತಿ ಪೊರಕೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವ್ವ ಹುರುಳಿಯ ಮಧ್ಯದಲ್ಲೇ ನಿಂತುಬಿಟ್ಟಳು.

"ಅಲ್ಯಾಕವ್ವಾ ನಿಂತ್ಕಂಡೆ? ಲಾರಿ ಬತ್ತೈತೆ, ಈಚೆ ಬಾ!"

ನಾನು ಸೈಕಲ್ ಬಿಸಾಕಿ ಓಡಿದೆ. ಅಷ್ಟರಲ್ಲಿ ಅವ್ವ ತಾನೇ ಸರಿದು ಪಕ್ಕಕ್ಕೆ ಬಂದಳು. ಈ ಸಲ ಕಣ್ಣು ಮುಚ್ಚಲಿಲ್ಲ. ಲಾರಿ ಹುರುಳಿ ಮೇಲೆ ಚಟಪಟ ಅಂತ ಹರಿದು ಹೋಯಿತು. ಚಕ್ರದ ಗಾಳಿಗೆ ಒಂದಷ್ಟು ಕಾಯಿ ಹಾರಿ ಮಣ್ಣಿಗೆ ಬಿತ್ತು.

ಅವ್ವ ಬಗ್ಗಿದಳು. ಗಾಯದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಮಣ್ಣಿಗೆ ಬಿದ್ದ ಹುರುಳಿಯನ್ನು ಆರಿಸಿ ಆರಿಸಿ ಟಾರಿನ ಮೇಲಕ್ಕೆ ತಳ್ಳತೊಡಗಿದಳು.

"ನಿಂಗ್ಯಾಕವ್ವಾ ಕಷ್ಟ, ಬುಡು. ನಾನ್ ಗುಡಿಸ್ಕಂತೀನಿ" ಅಂದಳು ಆ ಹೆಂಗಸು.

ಅವ್ವ ಬಿಡಲಿಲ್ಲ. ಅಪ್ಪ ಟವಲ್ ಸೊಂಟಕ್ಕೆ ಸುತ್ತಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಇಬ್ಬರೂ ಆರಿಸಿದರು. ನಾನು ಶಿರಾ ಕಡೆಗೆ ಮುಖ ಮಾಡಿ ರೋಡಿನಲ್ಲಿ ನಿಂತುಕೊಂಡೆ, ಇನ್ನೊಂದು ಬಂದರೆ ಹೇಳುವುದಕ್ಕೆ.